ಚೆನ್ನಮ್ಮ ಎಂಬ ಹೆಸರು: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಕೂಸಿಗೆ ‘ಚೆನ್ನಮ್ಮ’ ಎಂದಿಟ್ಟರೆ ತೀರಾ ಹಳೇದು ಅನ್ನಿಸೀತೇ ಎಂದು ಕೇಳಿದ್ದೀಯ. ಧಾರಾಳವಾಗಿ ಇಡು.

ಕಿತ್ತೂರಿನ ರಾಣಿಯಿಂದಲೇ ಈ ಹೆಸರು ಬಂತು ಎಂದುಕೊಂಡವರು ಬಹಳ. 1778ರಲ್ಲಿ ಕಾಕತಿಯಲ್ಲಿ ಹುಟ್ಟಿದ ಆ ಮಗುವಿಗೆ ಇಟ್ಟದ್ದು ಆಗಲೇ ಬಳಕೆಯಲ್ಲಿದ್ದ ಹೆಸರು. ಅಕ್ಕಮಹಾದೇವಿಯ ದೇವರು ಚೆನ್ನಮಲ್ಲಿಕಾರ್ಜುನ, ಬೇಲೂರಿನವನು ಚೆನ್ನಕೇಶವ. ಚೆಲುವು, ಒಳಿತು ಎರಡನ್ನೂ ಹೊತ್ತ ಆ ಅಚ್ಚಗನ್ನಡದ ‘ಚೆನ್ನ’ವೇ ಚೆನ್ನಪ್ಪ, ಚೆನ್ನವ್ವ, ಚೆನ್ನಬಸಮ್ಮ ಎಲ್ಲರಲ್ಲೂ ಇರುವುದು. 16ನೇ ಶತಮಾನದ ಗೇರುಸೊಪ್ಪೆಯಲ್ಲಿ ಚೆನ್ನಭೈರಾದೇವಿ ಆಳಿದಳು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದರು.

ನನಗೆ ಹೆಚ್ಚು ಅಭಿಮಾನ ಕೆಳದಿಯ ಚೆನ್ನಮ್ಮನ ಮೇಲೆ. ಗಂಡ ಸೋಮಶೇಖರ ನಾಯಕ ಹೋದ ಮೇಲೆ 1697ರವರೆಗೆ, ಸುಮಾರು ಕಾಲು ಶತಮಾನ, ರಾಜ್ಯ ನಡೆಸಿದವಳು. ಮೊಗಲರು ಅಟ್ಟಿಸಿಕೊಂಡು ಬಂದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು, ಔರಂಗಜೇಬನ ಸೈನ್ಯವನ್ನೇ ಎದುರು ಹಾಕಿಕೊಂಡಳು. ಆದರೆ ಹೆಸರು ಮನೆಮಾತಾದದ್ದು 1824ರ ಅಕ್ಟೋಬರಿನಿಂದ: ಧಾರವಾಡದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ರಾಣಿಯ ಸೈನ್ಯದೊಡನೆ ನಡೆದ ಕಾಳಗದಲ್ಲಿ ಸತ್ತ. ಆ ರಾಣಿ ಆಮೇಲೆ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು.

ಈಗ ಪಟ್ಟಣಗಳಲ್ಲಿ ‘ಅಮ್ಮ’ನಿಂದ ಮುಗಿಯುವ ಹೆಸರನ್ನು ಕೂಸಿಗೆ ಇಡುವವರು ಕಡಿಮೆ, ಎರಡಕ್ಷರದವೇ ಬೇಕು. ಅದಕ್ಕೆ ಸೋತು ‘ಚೆನ್ನಾ’ ಎಂದು ಮೊಟಕು ಮಾಡಬೇಡ. ಮನೆಯಲ್ಲಿ ಚೆನ್ನಿ ಎಂದು ಕರೆದರಾಯಿತು, ದಾಖಲೆಯಲ್ಲಿ ಪೂರ್ತಿ ಇರಲಿ.

ತೊಡಕು ಬರುವುದು ಕಾಗುಣಿತದಲ್ಲಿ. ಉತ್ತರ ಕರ್ನಾಟಕದಲ್ಲಿ ‘ಚನ್ನಮ್ಮ’ ಎಂದೂ ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಮೊದಲ ಸ್ವರಕ್ಕೆ ‘ಎ’ (a) ಅಕ್ಷರ ಬಳಸಿದರೆ, ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ರೈಲಿನ ಹೆಸರಿನಲ್ಲಿ ‘ಇ’ (e) ಇದೆ. ಎರಡೂ ಸರಿಯೇ, ಒಂದೇ ಮಗುವಿನ ಕಾಗದಗಳಲ್ಲಿ ಎರಡೂ ಬೆರೆತರೆ ಮಾತ್ರ ಆಧಾರ್, ಅಂಕಪಟ್ಟಿ, ಪಾಸ್‌ಪೋರ್ಟ್ ಒಂದಕ್ಕೊಂದು ತಾಳೆಯಾಗುವುದಿಲ್ಲ. ‘ಎಮ್’ ಎರಡು ಸಲ ಬಂದಿದೆಯೇ ಎಂದೂ ನೋಡು. ಒಂದು ಬಿಟ್ಟುಹೋಗುವುದು ಸಾಮಾನ್ಯ.

ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಹೆಸರು ಆಗಲೇ ನಿಶ್ಚಯವಾಗಬೇಕಿಲ್ಲ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೆ ತಡದ ಶುಲ್ಕ. ಅವಸರದಲ್ಲಿ ಏನೋ ಒಂದು ಬರೆಸಿ ತಿದ್ದಿಸುವುದಕ್ಕಿಂತ ಜಾಗ ಖಾಲಿ ಬಿಡುವುದೇ ಸುಲಭ. ಅಡ್ಡಹೆಸರನ್ನೂ ಈಗಲೇ ಬಿಡಿಸಿ ಬರೆಸು, ಬರೀ ಇನಿಷಿಯಲ್ ಬೇಡ.

ಅರ್ಜಿ ತುಂಬಿದ ಮೇಲೆ ಸಹಿಗೆ ಮುಂಚೆ ಅದರ ಫೋಟೊ ಕಳಿಸು, ಕನ್ನಡ–ಇಂಗ್ಲಿಷ್ ಎರಡನ್ನೂ ಅಕ್ಷರ ಬಿಡದೆ ನೋಡಿಕೊಡುತ್ತೇನೆ.

ನಿನ್ನ ಅಮ್ಮ