ಗೆಳೆಯನಿಗೊಂದು ಪತ್ರ: ತಿಪಟೂರಿನ ಉಪನ್ಯಾಸ ಮಾಲೆಗೆ ಮುಂಚೆ

ಹನುಮಂತನಗರ, ಬೆಂಗಳೂರು

ಪ್ರಿಯ ಗೆಳೆಯಾ,

ನಿನ್ನ ಕಾಗದ ಓದಿ ತುಂಬ ಖುಷಿಯಾಯಿತು. ತಿಪಟೂರಿನಲ್ಲಿ ತಿಂಗಳಿಗೊಂದು ಸಾರ್ವಜನಿಕ ಉಪನ್ಯಾಸ ನಡೆಸಬೇಕು, ಮನಶ್ಶಾಸ್ತ್ರ, ಧರ್ಮ, ಸಾಹಿತ್ಯ, ಸಮಾಜಶಾಸ್ತ್ರ ನಾಲ್ಕೂ ಅದರಲ್ಲಿ ಬರಬೇಕು ಅಂತ ಬರೆದಿದ್ದೀಯ. ಯಾರನ್ನು ಕರೆಸಲಿ, ಹೇಗೆ ನಡೆಸಲಿ ಅಂತ ಕೇಳಿದ್ದೀಯ. ಸಂಜೆ ಬಿಡುವಾದರೆ ಬಸವನಗುಡಿ ಕಡೆ ನಡೆದು, ಯಾವುದಾದರೊಂದು ಸಭಾಂಗಣದಲ್ಲಿ ಕೂತು ಕೇಳುವುದು ನನಗೆ ಎಷ್ಟೋ ವರ್ಷದ ಅಭ್ಯಾಸ. ಕೇಳುಗನಾಗಿ ತೋಚಿದ್ದನ್ನು ಬರೆಯುತ್ತೇನೆ. ಬೇರೆ ಊರುಗಳಲ್ಲಿ ಇಂಥ ಕೆಲಸಕ್ಕೆ ಕೈಹಾಕಿದವರಿಗೂ ಉಪಯೋಗವಾಗಲಿ ಅಂತ ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ.

ನಾಲ್ಕು ವಿಷಯವನ್ನು ನಾಲ್ಕು ತಿಂಗಳಿಗೆ ಹಂಚಿಬಿಡಬೇಡ. ಒಂದೇ ಪ್ರಶ್ನೆ ಹಿಡಿ, ಅದನ್ನೇ ನಾಲ್ಕು ಜನರ ಮುಂದೆ ಇಡು. ಯಾಕೆ ಹೀಗೆ ಹೇಳುತ್ತೇನೆ ಅನ್ನುವುದಕ್ಕೆ ಒಂದು ಸಂಜೆಯ ವಿಚಾರ ಹೇಳಬೇಕು.

ಅವತ್ತು ಮಾತಾಡಿದವರು ಒಬ್ಬ ಮನೋವೈದ್ಯರು. ಮನಸ್ಸು ಮತ್ತು ನಂಬಿಕೆ ಅವರ ವಿಷಯ. ಸ್ಪಷ್ಟವಾಗಿ, ಎಲ್ಲರಿಗೂ ಮುಟ್ಟುವ ಹಾಗೆ ಮಾತಾಡಿದರು. ಪ್ರಶ್ನೆ ಕೇಳಬಹುದು ಅಂದಾಗ ಮುಂದಿನ ಸಾಲಿನವರಿಬ್ಬರು ಎದ್ದು ತಮ್ಮ ತಮ್ಮ ಅಭಿಪ್ರಾಯವನ್ನೇ ಉದ್ದಕ್ಕೆ ಹೇಳಿ ಕೂತರು. ಆಮೇಲೆ ಹಿಂದಿನಿಂದ ಅರವತ್ತು ದಾಟಿದ ಒಬ್ಬ ಹೆಂಗಸು ಎದ್ದುನಿಂತರು. ಮೈಕು ಕೈಗೆ ಬರುವಷ್ಟರಲ್ಲಿ ಸೆರಗು ಎರಡು ಸಲ ಸರಿಮಾಡಿಕೊಂಡರು. "ಸಾರ್, ನಮ್ಮತ್ತೆಗೆ ಶುಕ್ರವಾರ ಮೈಮೇಲೆ ಬರ್ತಿತ್ತು. ಬಾಕಿ ದಿನ ಅವರ ಮಾತು ಮನೇಲಿ ಯಾರೂ ಕೇಳ್ತಿರಲಿಲ್ಲ. ಅವತ್ತು ಮಾತ್ರ ನಮ್ಮ ಮಾವ ಕೈಮುಗಿದು ನಿಂತ್ಕೊಂಡು ಕೇಳೋರು. ಬಾಣಂತಿಗೆ ಇನ್ನೂ ಎರಡು ತಿಂಗಳು ಕೆಲಸ ಹೇಳಬಾರದು ಅಂತ ನನ್ನ ಸಲುವಾಗಿ ಅಪ್ಪಣೆ ಆಗಿದ್ದೂ ಅವತ್ತೇ. ಅದನ್ನ ಕಾಯಿಲೆ ಅಂತೀರಾ?"

ಸಭೆ ಗಪ್‌ಚಿಪ್ಪಾಯಿತು. ಡಾಕ್ಟರು ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: "ಇಲ್ಲಮ್ಮ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲೂ, ಮೈಮೇಲೆ ಬರೋದು ಆ ಜನರ ಪದ್ಧತಿ ಒಪ್ಪಿಕೊಂಡಿದ್ದಾದರೆ, ಅವರಿಗೇ ಬೇಡದ ಹಿಂಸೆ ಆಗದಿದ್ದರೆ, ಅದನ್ನ ಕಾಯಿಲೆ ಅನ್ನೋದಿಲ್ಲ. ಆದರೆ ಉಳಿದ ಆರು ದಿನ ಅವರ ಮಾತು ಯಾಕೆ ಯಾರೂ ಕೇಳ್ತಿರಲಿಲ್ಲ ಅನ್ನೋದಕ್ಕೆ ನನ್ನ ಶಾಸ್ತ್ರದಲ್ಲಿ ಉತ್ತರ ಇಲ್ಲ."

ಅಷ್ಟರಲ್ಲಿ ಹೊತ್ತಾಯಿತು ಅಂತ ವಂದನಾರ್ಪಣೆ ಶುರುವಾಯಿತು. ನನಗೆ ಬಹಳ ಸಂಕಟವಾಯಿತು. ಆ ಸಂಜೆ ಕೇಳಿದ ಮಾತುಗಳಲ್ಲೆಲ್ಲ ದೊಡ್ಡದು ಆ ತಾಯಿಯ ಪ್ರಶ್ನೆ. ಅದನ್ನು ಮುಂದಕ್ಕೆ ಒಯ್ಯಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

ಹಾಗೆ ಒಯ್ಯಬಲ್ಲ ವಿಚಾರ ಲೋಕದಲ್ಲಿ ಇಲ್ಲವೇ? ಇದೆ, ಅದೂ ಸಾರ್ವಜನಿಕ ಉಪನ್ಯಾಸಗಳಲ್ಲೇ ಹುಟ್ಟಿದ್ದು. 1966ರಲ್ಲಿ ಐ.ಎಂ. ಲೂಯಿಸ್ ಎಂಬ ಮಾನವಶಾಸ್ತ್ರಜ್ಞ ಲಂಡನ್ನಿನಲ್ಲಿ ಮಾಲಿನೋವ್‌ಸ್ಕಿ ಸ್ಮಾರಕ ಉಪನ್ಯಾಸ ಕೊಟ್ಟರು. ಸೊಮಾಲಿಯಾದ ದನಗಾಹಿ ಮನೆಗಳ ಹೆಂಗಸರ ಮೈಮೇಲೆ ‘ಸಾರ್’ ಎಂಬ ಶಕ್ತಿಗಳು ಬರುತ್ತವೆ, ಅವರ ಬಾಯಲ್ಲಿ ಒಳ್ಳೆಯ ಬಟ್ಟೆ, ಸುಗಂಧ, ರುಚಿಯಾದ ಊಟ ಕೇಳುತ್ತವೆ, ಗಂಡ ಕೊಡಿಸಲೇಬೇಕಾಗುತ್ತದೆ. ನೇರವಾಗಿ ಕೇಳಲು ದಾರಿಯಿಲ್ಲದವರು ಸುತ್ತುಬಳಸಿ ಕೇಳುವ ಬಗೆ ಇದು ಅನ್ನುವುದು ಲೂಯಿಸ್ ವಾದ. ಆ ತಾಯಿಯ ಮನೆಯ ಶುಕ್ರವಾರಕ್ಕೆ ಎಷ್ಟು ಹತ್ತಿರ ಬರುತ್ತದೆ ನೋಡು! ಆದರೂ ನನಗೆ ಈ ವಾದ ಪೂರ್ತಿ ಒಪ್ಪಿಗೆಯಿಲ್ಲ. ಸುಡಾನಿನ ಹಳ್ಳಿಯೊಂದರಲ್ಲಿ ಇದ್ದು ಇಂಥದ್ದೇ ಆಚರಣೆಯನ್ನು ಅಭ್ಯಾಸ ಮಾಡಿದ ಜಾನಿಸ್ ಬಾಡಿ, ಇದನ್ನು ಬರೀ ಕೆಲಸ ಸಾಧಿಸುವ ಉಪಾಯ ಅಂತ ನೋಡಿದರೆ ಆ ಹೆಂಗಸರಿಗೆ ಅದರಲ್ಲಿ ಇರುವ ಅರ್ಥವೇ ಕೈಬಿಟ್ಟುಹೋಗುತ್ತದೆ ಅನ್ನುತ್ತಾರೆ. ನಾನು ಅವರ ಕಡೆ. ಆ ಅತ್ತೆ ಶುಕ್ರವಾರ ನಾಟಕ ಆಡುತ್ತಿದ್ದರು ಅಂತ ಸೊಸೆಗೆ ಒಮ್ಮೆಯೂ ಅನ್ನಿಸಿದಂತಿರಲಿಲ್ಲ. ಅವರ ದನಿಯಲ್ಲಿ ಭಕ್ತಿಯಿತ್ತು, ಋಣವೂ ಇತ್ತು.

ಇಲ್ಲಿ ಧರ್ಮದ ಬಗ್ಗೆ ಮಾತಾಡುವವರು ಬರಬೇಕು. ವಿಲಿಯಂ ಜೇಮ್ಸ್ ವೈದ್ಯಕೀಯ ಓದಿದ ಮನಶ್ಶಾಸ್ತ್ರಜ್ಞ. ಎಡಿನ್‌ಬರೋದಲ್ಲಿ 1901-02ರಲ್ಲಿ ಧರ್ಮಾನುಭವದ ಮೇಲೆ ಇಪ್ಪತ್ತು ಉಪನ್ಯಾಸ ಕೊಟ್ಟರು. ಸಂತ ಪೌಲನಿಗೆ ಕಂಡ ದರ್ಶನ ಮೂರ್ಛೆರೋಗದ ಲಕ್ಷಣ ಅಂದುಬಿಟ್ಟರೆ ಆ ದರ್ಶನದ ಬೆಲೆ ತೀರ್ಮಾನವಾದಂತಲ್ಲ ಅಂತ ಮೊದಲ ದಿನವೇ ಹೇಳಿದರು. ಎಲ್ಲಿಂದ ಬಂತು ಅನ್ನುವುದು ಒಂದು ಪ್ರಶ್ನೆ, ಅದರಿಂದ ಬದುಕಿಗೆ ಏನು ಫಲ ಅನ್ನುವುದು ಬೇರೆ ಪ್ರಶ್ನೆ. ಒಬ್ಬ ಬಾಣಂತಿಗೆ ಎರಡು ತಿಂಗಳ ವಿಶ್ರಾಂತಿ ಸಿಕ್ಕಿತಲ್ಲ, ಆ ಫಲವನ್ನು ಯಾವ ತಕ್ಕಡಿಗೆ ಹಾಕುತ್ತೀಯ?

ಸಾಹಿತ್ಯದವರನ್ನು ಕೊನೆಗೆ ಇಟ್ಟುಕೋ. ಕಾರಂತರ ಚೋಮನ ದುಡಿಯಲ್ಲಿ, ಮತ ಬದಲಿಸಿಯಾದರೂ ಸರಿ, ತುಂಡು ಭೂಮಿ ಸಿಗಲಿ ಅಂತ ಹೊರಟ ಚೋಮನನ್ನು ಪಂಜುರ್ಲಿ ದೈವ ದಾರಿಯಲ್ಲೇ ತಡೆದು ಹಿಂದಕ್ಕೆ ಕಳಿಸುತ್ತದಲ್ಲ, ಅಲ್ಲಿಂದ ಶುರುಮಾಡಲಿ. ಹಸಿವು, ಜಾತಿ, ಭಯ, ಭಕ್ತಿ ನಾಲ್ಕೂ ಒಬ್ಬ ಮನುಷ್ಯನೊಳಗೆ ಒಟ್ಟಿಗೇ ಎಳೆದಾಡುವುದನ್ನು ಕಾದಂಬರಿ ತೋರಿಸುವ ಹಾಗೆ ಬೇರೆ ಯಾವ ಶಾಸ್ತ್ರವೂ ತೋರಿಸುವುದಿಲ್ಲ.

ನಮ್ಮೂರ ಹೆಂಗಸರಿಗೆ ಮೈಮೇಲೆ ಬರುವುದು ಇವತ್ತಿಗೂ ಗೊತ್ತಿರುವ ಸಂಗತಿ. ಆದ್ದರಿಂದ ಮೊದಲ ನಾಲ್ಕು ತಿಂಗಳಿಗೆ ಇದನ್ನೇ ವಿಷಯ ಮಾಡು ಅನ್ನುತ್ತೇನೆ. ಕೇಳುವವರ ಮನೆಯಲ್ಲೇ ಅರ್ಧ ಸಾಮಗ್ರಿ ಇರುತ್ತದೆ.

ಇನ್ನು ನಡೆಸುವ ರೀತಿ. ದಿನ, ಹೊತ್ತು, ಜಾಗ ಬದಲಾಯಿಸಬೇಡ. ನಮ್ಮ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ಅಂದರೆ ಬುಧವಾರ ಅಂತಲೇ ಜನಕ್ಕೆ ಗೊತ್ತು. ಡಿ.ವಿ.ಜಿ.ಯವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಸ್ಥಾಪಿಸಿದ್ದು 1945ರಲ್ಲಿ, ಬಿ.ಪಿ. ವಾಡಿಯಾ ಅವರ ವಿಶ್ವ ಸಂಸ್ಕೃತಿ ಸಂಸ್ಥೆ ಶುರುವಾದದ್ದೂ ಅದೇ ವರ್ಷ. ಎರಡಕ್ಕೂ ನಮ್ಮ ಮನೆಯಿಂದ ನಡೆದೇ ಹೋಗಬಹುದು. ಇಷ್ಟು ದಶಕ ಅವು ಉಳಿದದ್ದು, ಬಂದವರು ಹತ್ತೇ ಜನವಿದ್ದರೂ ಹೇಳಿದ ಹೊತ್ತಿಗೆ ದೀಪ ಹಾಕಿ ಬಾಗಿಲು ತೆಗೆಯುವ ಜನ ಇದ್ದುದರಿಂದ.

ಅಧ್ಯಕ್ಷರು, ಮುಖ್ಯ ಅತಿಥಿಗಳು, ದಿವ್ಯ ಉಪಸ್ಥಿತಿ ಯಾವುದೂ ಬೇಡ. ಒಬ್ಬರೇ ಮಾತಾಡಲಿ. ನಲವತ್ತೈದು ನಿಮಿಷ ಮಾತು, ನಲವತ್ತೈದು ನಿಮಿಷ ಪ್ರಶ್ನೆ, ಇದನ್ನು ಕರೆಯುವಾಗಲೇ ಹೇಳಿಬಿಡು. ಪ್ರಶ್ನೆಯನ್ನು ಹಿಂದಿನ ಸಾಲಿನಿಂದ ಶುರುಮಾಡು. ಎದ್ದು ನಿಂತು ಕೇಳಲು ಸಂಕೋಚಪಡುವವರಿಗೆ ಚೀಟಿ, ಪೆನ್ನು ಕೊಡು. ಹೆಂಗಸರು ಬರಬೇಕು ಅಂದರೆ ಭಾನುವಾರ ಬೆಳಿಗ್ಗೆಗಿಂತ ಶನಿವಾರ ಮಧ್ಯಾಹ್ನ ಮೇಲು. ಇದನ್ನು ನಿಮ್ಮ ಮನೆಯವರನ್ನು ಕೇಳಿಯೇ ಗೊತ್ತುಮಾಡು.

ಮಾತು ಕನ್ನಡದಲ್ಲೇ ಇರಲಿ. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ ಮಾಲೆಯ ಪುಟ್ಟ ಪುಸ್ತಕಗಳನ್ನು ನಿಮ್ಮ ತಂದೆಯವರ ಕಪಾಟಿನಲ್ಲಿ ನೋಡಿದ್ದೇವಲ್ಲ. ಮೇಷ್ಟ್ರುಗಳು ಊರೂರಿಗೆ ಹೋಗಿ ಕನ್ನಡದಲ್ಲಿ ಆಡಿದ ಮಾತೇ ಅಲ್ಲಿ ಅಚ್ಚಾದದ್ದು. ಅವನ್ನು ಕರೆಸುವವರಿಗೆ ತೋರಿಸು, ಎಷ್ಟು ಕಷ್ಟದ ವಿಷಯವನ್ನು ಎಷ್ಟು ಸರಳವಾಗಿ ಹೇಳಬಹುದು ಅಂತ ಅವರಿಗೇ ತಿಳಿಯುತ್ತದೆ.

ಪಿಪಿಟಿ ಬಗ್ಗೆ ಕೇಳಿದ್ದೀಯ. ಚಿತ್ರ ತೋರಿಸಲೇಬೇಕಾದ ವಿಷಯಕ್ಕೆ ಸರಿ, ಉಳಿದದ್ದಕ್ಕೆ ಬೇಡ. ನಮ್ಮ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಬೆಂಕಿ ಬಿದ್ದು, ರಾಂಪುರ ಎಂಬ ಹಳ್ಳಿಯ ಬಗ್ಗೆ ವರ್ಷಾನುಗಟ್ಟಲೆ ಕೂತು ಸಿದ್ಧಮಾಡಿದ್ದ ಟಿಪ್ಪಣಿಗಳೆಲ್ಲ ಸುಟ್ಟುಹೋದವು. ನೆನಪಿನಲ್ಲಿ ಉಳಿದ ಹಳ್ಳಿಯನ್ನೇ ಬರೆದರು; 1976ರಲ್ಲಿ ಬಂದ ಆ ಪುಸ್ತಕದಲ್ಲಿ ಜನ ಜೀವಂತವಾಗಿ ಓಡಾಡುತ್ತಾರೆ. ತಲೆಯಲ್ಲಿ ನಿಂತಿರುವುದನ್ನು ಹೇಳುವ ಭಾಷಣಕಾರರಿಗೂ ಪರದೆ ನೋಡಿ ಓದುವವರಿಗೂ ಅಷ್ಟೇ ವ್ಯತ್ಯಾಸ ಇರುತ್ತದೆ, ನಾನು ಎಷ್ಟೋ ಸಲ ಕಂಡಿದ್ದೇನೆ.

ಆ ಮನೋವೈದ್ಯರ ಜೊತೆ ಈಚೆಗೆ ಮಾತಾಡಿದೆ. ತಿಪಟೂರಿಗೆ ಬರಲು ಒಪ್ಪಿದ್ದಾರೆ, ರೈಲಿನಲ್ಲೇ ಬರುತ್ತಾರಂತೆ. ಸಮಾಜಶಾಸ್ತ್ರಕ್ಕೆ ನಿಮ್ಮ ಕಡೆಯ ಕಾಲೇಜುಗಳಲ್ಲಿ ಪಾಠ ಹೇಳುವ ಹೆಣ್ಣುಮಕ್ಕಳು ಯಾರಾದರೂ ಇದ್ದರೆ ಅವರನ್ನೇ ಕರಿ. ಈ ವಿಷಯಕ್ಕೆ ಅದು ಅಗತ್ಯ. ಸಭಾಂಗಣ ಗೊತ್ತಾದ ಕೂಡಲೆ ತಾರೀಖು ತಿಳಿಸು, ಡಾಕ್ಟರಿಗೆ ಒಂದು ತಿಂಗಳು ಮುಂಚೆ ಹೇಳಬೇಕು. ನಾನೂ ಅವರ ಜೊತೆ ಬರುತ್ತೇನೆ. ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ಇಂತಿ,
ನಿನ್ನ ಗೆಳೆಯ