ಚಿನ್ನುವಿನ ಮೇಜು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಮಾತು ಅರ್ಧಕ್ಕೇ ನಿಂತಿತು, ಉಳಿದದ್ದನ್ನು ಬರೆದೇ ಹೇಳುತ್ತೇನೆ. ಚಿನ್ನುವಿನ ಹುಟ್ಟುಹಬ್ಬಕ್ಕೆ ಊಟದ ಮೇಜಿನ ಅಲಂಕಾರದ ಸೆಟ್ ತರಿಸುವುದನ್ನು ಸದ್ಯಕ್ಕೆ ಬಿಡು. ದುಡ್ಡಿನ ಮಾತು ಹಾಗಿರಲಿ, ಆ ಸೆಟ್ಟುಗಳೆಲ್ಲ ನಿಂತು ಫೋಟೊ ತೆಗೆಯುವ ದೊಡ್ಡವರಿಗೇ ಮಾಡಿದ ಹಾಗಿರುತ್ತವೆ. ಅಲ್ಲಿ ಕೂರುವವರು ಐದಾರು ವರ್ಷದ ಮಕ್ಕಳಲ್ಲವೇ? ಊಟದ ಮೇಜು ಸಾಮಾನ್ಯವಾಗಿ 75 ಸೆಂಟಿಮೀಟರ್ ಎತ್ತರ. ಕುರ್ಚಿಯಲ್ಲಿ ಕೂತ ಮಗುವಿನ ಕಣ್ಣು ಅದಕ್ಕಿಂತ ಹೆಚ್ಚೆಂದರೆ ಒಂದು ಗೇಣು ಮೇಲಿರುತ್ತದೆ. ನಡುವೆ ಇಟ್ಟದ್ದು ಗೇಣು ಮೀರಿದರೆ ಎದುರು ಕೂತ ಗೆಳತಿಯ ಮುಖವೇ ಕಾಣಿಸದು. ಏನೇ ಮಾಡಿಟ್ಟರೂ ಒಮ್ಮೆ ಕುರ್ಚಿಯ ಪಕ್ಕ ಮಂಡಿಯೂರಿ ನೋಡು.

ಮೇಜಿನ ಮೇಲೆ ಬಟ್ಟೆ ಬೇಡ, ನೋಟ್‌ಬುಕ್ಕಿಗೆ ಬೈಂಡ್ ಹಾಕುವ ಬ್ರೌನ್ ಪೇಪರ್ ಹಾಸು. ಅಂಚನ್ನು ಅಡಿಗೆ ಮಡಚಿ ಟೇಪ್ ಹಚ್ಚಿ, ಅಲ್ಲಲ್ಲಿ ಬಣ್ಣದ ಬಳಪಗಳನ್ನಿಡು. ಕೇಕ್ ಬರುವ ತನಕ ಮಕ್ಕಳು ಅದರ ಮೇಲೆ ಗೀಚುತ್ತಾ ಇರುತ್ತಾರೆ, ಆಮೇಲೆ ಚೆಲ್ಲಿದ್ದು ಉಳಿದದ್ದರ ಸಮೇತ ಸುತ್ತಿ ಎಸೆದರಾಯಿತು.

ಇನ್ನು ನಡುವಿಗೆ ಕಾಗದದ ಚಕ್ರಗಳು. ನಿನಗೆ ಬರುತ್ತದೆ, ಆದರೂ ಅಳತೆ ಹೇಳುತ್ತೇನೆ, ಏಕೆಂದರೆ ಎಲ್ಲರೂ ತಪ್ಪುವುದು ಅಲ್ಲೇ. ಎ4 ಹಾಳೆಯನ್ನು ಉದ್ದಕ್ಕೆ ಎರಡಾಗಿ ಕತ್ತರಿಸು. ಆ ಪಟ್ಟಿಯನ್ನು ಈ ತುದಿಯಿಂದ ಆ ತುದಿವರೆಗೆ ಒಂದೂವರೆ ಸೆಂಟಿಮೀಟರಿನ ನೆರಿಗೆ ಹಿಡಿದು ಮಡಚು, ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ. ಪ್ರತಿ ಮಡಿಕೆಯನ್ನೂ ಉಗುರಿನಿಂದ ಉಜ್ಜು. ಕೊನೆಗೆ ಸಿಗುವ ಕಟ್ಟಿನ ನಡುಭಾಗಕ್ಕೆ ದಾರ ಬಿಗಿದು ಎರಡೂ ಕಡೆ ಬಿಡಿಸಿದರೆ ತುದಿಗೆ ತುದಿ ಕೂಡುತ್ತದೆ, ಅಲ್ಲಿ ಅಂಟಿಸು. ಸುಮಾರು ಹತ್ತು ಸೆಂಟಿಮೀಟರ್ ಅಗಲದ ಚಕ್ರ ತಯಾರು, ಒಂದು ಹಾಳೆಗೆ ಎರಡು. ಇಡೀ ಹಾಳೆಯನ್ನೇ ಮಡಚಲು ಹೋಗಬೇಡ, ಆಗ ಸುತ್ತು ಮುಚ್ಚುವಷ್ಟು ಉದ್ದ ಸಾಲದು, ಎರಡು ಹಾಳೆ ಜೋಡಿಸಬೇಕಾಗುತ್ತದೆ. ಗೋಂದು ನೀರಾಗಿದ್ದರೆ ಕಾಗದ ಸುಕ್ಕಾಗುತ್ತದೆ, ಗ್ಲೂ ಸ್ಟಿಕ್ ಒಳ್ಳೆಯದು. ಒಣಗುವವರೆಗೆ ಬಟ್ಟೆ ಕ್ಲಿಪ್ ಹಾಕಿಡು.

ಹಳೇ ಪತ್ರಿಕೆ, ಉಡುಗೊರೆ ಸುತ್ತಿ ಬಂದಿದ್ದ ಕಾಗದ, ಚಿನ್ನು ಚಿತ್ರ ಬಿಡಿಸಿ ಮರೆತ ಹಾಳೆ, ಯಾವುದಾದರೂ ಆದೀತು. ಬಣ್ಣ ಮಾತ್ರ ಎರಡೇ ಇರಲಿ, ಜೊತೆಗೆ ಬಿಳಿ. ಸಿಕ್ಕಿದ ಬಣ್ಣವನ್ನೆಲ್ಲ ತುರುಕಿದರೆ ಕಸದ ಬುಟ್ಟಿ ಮಗುಚಿದ ಹಾಗೆ ಕಾಣುತ್ತದೆ. ಚಕ್ರಗಳನ್ನು ಕಡ್ಡಿಗೆ ಅಂಟಿಸಿ ಗಿಡ್ಡ ಬಾಟಲಿಗಳಲ್ಲಿ ನಿಲ್ಲಿಸು, ತಳದಲ್ಲಿ ಸಣ್ಣ ಕಲ್ಲು ತುಂಬು, ಇಲ್ಲದಿದ್ದರೆ ಫ್ಯಾನ್ ಹಾಕಿದೊಡನೆ ಎಲ್ಲ ಉರುಳುತ್ತವೆ. ಬಾಟಲಿಯ ಲೇಬಲ್ ಬಿಸಿನೀರಿನಲ್ಲಿ ನೆನೆಸಿದರೆ ಬರುತ್ತದೆ. ಉಳಿದ ಅಂಟಿಗೆ ಎಣ್ಣೆ ತಿಕ್ಕಿ, ಆಮೇಲೆ ಸೋಪು.

ಕ್ರೇಪ್ ಪೇಪರ್ ಇಷ್ಟ ಅಂದೆಯಲ್ಲ, ಹಾಕು. ಅಂಚನ್ನು ಎರಡು ಹೆಬ್ಬೆರಳಲ್ಲಿ ಹಿಡಿದು ಚೂರುಚೂರೇ ಎಳೆಯುತ್ತಾ ಹೋದರೆ ಚೆಂದದ ಫ್ರಿಲ್ ಬರುತ್ತದೆ. ಆದರೆ ಅದು ಮೇಜಿನ ಸುತ್ತ ಇಳಿಬಿಡುವುದಕ್ಕೆ ಮಾತ್ರ. ಒದ್ದೆಯಾದರೆ ಬಣ್ಣ ಬಿಡುತ್ತದೆ, ಮಕ್ಕಳು ನೀರು ಚೆಲ್ಲದೆ ಇರುತ್ತಾರೆಯೇ?

ಮಿಂಚುಪುಡಿ ಖಂಡಿತ ಬೇಡ. ತಿನ್ನುವ ಜಾಗದಲ್ಲಿ ಅದರ ಕೆಲಸವೇನು? ಅಳಿಯಂದಿರು ಬಲೂನು ಊದಲು ಕಾದಿದ್ದಾರಂತಲ್ಲ, ಊದಲಿ ಪಾಪ, ಆದರೆ ಗೋಡೆಯ ಮೇಲೆತ್ತರದಲ್ಲಿ ಕಟ್ಟಲಿ. ಊದದ ಬಲೂನು, ಒಡೆದ ಚೂರು ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ, ಎಂಟು ವರ್ಷದೊಳಗಿನವರ ಕೈಗೆ ಅವು ಸಿಗಲೇಬಾರದು. ಯಾರಾದರೂ ಪುಟ್ಟ ತಮ್ಮನನ್ನೋ ತಂಗಿಯನ್ನೋ ಕರೆತಂದರೆ ಮಣಿ, ಗುಂಡಿಗಳೂ ಮೇಜಿನ ಮೇಲೆ ಬೇಡ. ಎಲೆ ಹೂವು ಇಡುವುದಾದರೆ ಕಣಗಿಲೆ ಮುಟ್ಟಬೇಡ, ಇಡೀ ಗಿಡವೇ ವಿಷ. ಮೇಣದಬತ್ತಿ ಹಚ್ಚುವ ಮುಂಚೆ ಕೇಕಿನ ಸುತ್ತಲಿನ ಕಾಗದವನ್ನೆಲ್ಲ ತೆಗೆದುಬಿಡು.

ಹೆಸರಿನ ಚೀಟಿಗಳನ್ನು ಚಿನ್ನುವಿಗೇ ಬಿಡು. ಒಂದು ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಡಚಿ ಬಿಡಿಸಿದರೆ ಎಂಟು ಸಮ ಭಾಗ, ಪ್ರತಿಯೊಂದನ್ನೂ ಗುಡಾರದ ಹಾಗೆ ಮಡಚಿ ನಿಲ್ಲಿಸಬಹುದು. ಹೆಸರನ್ನು ಅವಳೇ ಬರೆಯಲಿ. ಒತ್ತಕ್ಷರ ಬಿಟ್ಟರೂ ಅಕ್ಷರ ಸೊಟ್ಟಗಾದರೂ ನೀನು ತಿದ್ದಲು ಕೂರಬೇಡ. ಯಾರನ್ನು ಯಾರ ಪಕ್ಕ ಕೂರಿಸಬೇಕೆಂಬುದೂ ಅವಳಿಗೇ ಚೆನ್ನಾಗಿ ಗೊತ್ತಿರುತ್ತದೆ.

ಎಷ್ಟು ಮಕ್ಕಳು ಬರುತ್ತಾರೆಂದು ಬೇಗ ತಿಳಿಸು. ಚಕ್ರಗಳ ನೆರಿಗೆ ನಾನೇ ಹಿಡಿದು, ಬಿಡಿಸದೆ ಹಾಗೇ ಕಟ್ಟಿ ತರುತ್ತೇನೆ, ಪೆಟ್ಟಿಗೆಯಲ್ಲಿ ಜಾಗ ಹಿಡಿಯುವುದಿಲ್ಲ. ಅಂಟಿಸುವುದು ನಿಮ್ಮ ಪಾಲು.

ನಿನ್ನ
ಅಮ್ಮ