ಸೋತದ್ದನ್ನು ಮರೆಯದ ದೇಶ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಹಣವಿರುವ ದೇಶ ಮಹಾಮಾರಿಯನ್ನು ನಿಭಾಯಿಸುತ್ತದೆ, ಇಲ್ಲದ ದೇಶ ಸೋಲುತ್ತದೆ ಎಂದು ಬರೆದಿದ್ದೆಯಲ್ಲ, ಆ ಮಾತನ್ನು ನಾನು ಒಪ್ಪಲಾರೆ. ಸಾಂಕ್ರಾಮಿಕ ರೋಗ ಎದುರಿಸಲು ಯಾವ ದೇಶ ಎಷ್ಟು ಸಜ್ಜಾಗಿದೆ ಎಂದು ಅಳೆಯುವ 2019ರ ಜಾಗತಿಕ ಆರೋಗ್ಯ ಭದ್ರತಾ ಸೂಚ್ಯಂಕದಲ್ಲಿ ಅಮೆರಿಕಕ್ಕೆ ಮೊದಲ ಸ್ಥಾನವಿತ್ತು, ದಕ್ಷಿಣ ಕೊರಿಯಾಕ್ಕೆ ಒಂಬತ್ತನೆಯದು. 2020ರ ಜನವರಿಯಲ್ಲಿ ಎರಡೂ ದೇಶಗಳಲ್ಲಿ ಹೆಚ್ಚುಕಡಿಮೆ ಒಂದೇ ದಿನ ಕೊರೊನಾ ಪತ್ತೆಯಾಯಿತು. ಆ ವರ್ಷ ಮುಗಿಯುವಾಗ ಅಮೆರಿಕದಲ್ಲಿ ಸತ್ತವರು ಮೂರು ಲಕ್ಷ ದಾಟಿದ್ದರೆ, ಐದು ಕೋಟಿ ಜನರ ಕೊರಿಯಾದಲ್ಲಿ ಆ ಸಂಖ್ಯೆ ಸಾವಿರವನ್ನೂ ಮುಟ್ಟಿರಲಿಲ್ಲ.

ಕೊರಿಯಾ ಮೊದಲಿನಿಂದಲೂ ಜಾಣ ದೇಶವಾಗಿರಲಿಲ್ಲ. 2015ರಲ್ಲಿ ಮೆರ್ಸ್ ಎಂಬ ಉಸಿರಾಟದ ಸೋಂಕುರೋಗ ಬಂದಾಗ ಸೋಂಕು ಹಬ್ಬಿದ ಆಸ್ಪತ್ರೆಗಳ ಹೆಸರನ್ನು ಸರ್ಕಾರ ಮೊದಮೊದಲು ಮುಚ್ಚಿಟ್ಟಿತು. 186 ಮಂದಿಗೆ ಸೋಂಕು ತಗುಲಿ 38 ಮಂದಿ ತೀರಿಕೊಂಡರು. ಜನ ಸಿಟ್ಟಾದರು, ಕಾನೂನು ಬದಲಾಯಿತು, ತುರ್ತು ಸಂದರ್ಭದಲ್ಲಿ ಪರೀಕ್ಷಾ ಕಿಟ್‌ಗಳಿಗೆ ಬೇಗ ಅನುಮತಿ ಕೊಡಲು ದಾರಿಯಾಯಿತು. ಅದರಿಂದಲೇ 2020ರ ಜನವರಿ 27ರಂದು, ಚಾಂದ್ರಮಾನ ಹೊಸವರ್ಷದ ರಜೆಯ ನಡುವೆ, ದೇಶದಲ್ಲಿ ನಾಲ್ಕೇ ಪ್ರಕರಣಗಳಿದ್ದಾಗ, ಅಧಿಕಾರಿಗಳು ಕಿಟ್ ತಯಾರಕರನ್ನು ರಾಜಧಾನಿ ಸೋಲ್‌ನ ರೈಲು ನಿಲ್ದಾಣದ ಒಂದು ಕೋಣೆಗೆ ಕರೆಸಿ ಕೂಡಲೇ ಕೆಲಸ ಶುರುಮಾಡಿ ಎನ್ನಲು ಸಾಧ್ಯವಾಯಿತು. ಸುಮಾರು ಒಂದು ವಾರದಲ್ಲಿ ಮೊದಲ ಕಿಟ್‌ಗೆ ಅನುಮತಿ ಸಿಕ್ಕಿತು. ಫೆಬ್ರವರಿಯಲ್ಲಿ ಡೇಗು ನಗರದಲ್ಲಿ ಸೋಂಕು ಸ್ಫೋಟಿಸಿದಾಗ ಜನ ಕಾರಿನಿಂದ ಇಳಿಯದೆ, ಕಿಟಕಿಯ ಗಾಜು ಇಳಿಸಿ ಗಂಟಲು ದ್ರವ ಕೊಟ್ಟು ಹತ್ತು ನಿಮಿಷದಲ್ಲಿ ಹೊರಡುತ್ತಿದ್ದರು.

ಅದೇ ವರ್ಷ ಜುಲೈನಲ್ಲಿ ಇಲ್ಲಿ ನಮ್ಮ ತಂದೆಯವರ ಕೊರೊನಾ ಪರೀಕ್ಷೆಯ ಫಲಿತಾಂಶ ಬಂದದ್ದು ಆರನೆಯ ದಿನ. ಪ್ರತಿ ಸಂಜೆ ಊಟದ ತಟ್ಟೆಯನ್ನು ಕೋಣೆಯ ಹೊಸ್ತಿಲಾಚೆ ಸರಿಸುತ್ತಾ ಅವರು "ಬಂತೇನೋ?" ಎಂದು ಕೇಳುತ್ತಿದ್ದರು. ಮಹಾಮಾರಿಯಲ್ಲಿ ದಕ್ಷತೆಯೆಂದರೆ ಆ ಆರು ದಿನವನ್ನು ಒಂದಾಗಿಸುವುದು ಎಂದೇ ನನಗೆ ಇಂದಿಗೂ ಅನಿಸುತ್ತದೆ.

ಹಾಗೆಂದು ಕೊರಿಯಾದವರು ಮಾಡಿದ್ದೆಲ್ಲ ಸರಿಯೆಂದು ನಾನು ಹೇಳುವುದಿಲ್ಲ. ಸೋಂಕಿತರು ಯಾವ ಅಂಗಡಿಗೆ, ಎಷ್ಟು ಹೊತ್ತಿಗೆ ಹೋದರೆಂಬುದನ್ನು ಅವರು ಎಷ್ಟು ವಿವರವಾಗಿ ಪ್ರಕಟಿಸಿದರೆಂದರೆ, ಹೆಸರು ಹೇಳದಿದ್ದರೂ ಗುರುತು ಸಿಕ್ಕಿ ಹಲವರು ಅವಮಾನಕ್ಕೀಡಾದರು. ಮೇ ತಿಂಗಳಲ್ಲಿ ಸೋಲ್‌ನ ಇಟೇವಾನ್ ಪ್ರದೇಶದಲ್ಲಿ ಸಲಿಂಗಿಗಳು ಹೆಚ್ಚಾಗಿ ಹೋಗುವ ಕ್ಲಬ್‌ಗಳಲ್ಲಿ ಸೋಂಕು ಕಂಡಾಗ, ಗುಟ್ಟು ಬಯಲಾದೀತೆಂದು ಹೆದರಿ ಹಲವರು ಪರೀಕ್ಷೆಗೇ ಬರಲಿಲ್ಲ. ಸೋಲ್ ನಗರಾಡಳಿತ ಹೆಸರು ಬೇಡ, ಫೋನ್ ನಂಬರ್ ಸಾಕು ಎಂದಿತು. ಆಮೇಲೆ ಜನ ಸಾಲುಗಟ್ಟಿ ಬಂದರು.

ನಿನ್ನ ಉತ್ತರಕ್ಕೆ ಕಾಯುವ,
ನಿನ್ನ ಗೆಳೆಯ